ಹೆಸರು ತಿದ್ದುಪಡಿ, ಬದಿಯಡ್ಕ

ಪೆನ್ಶನ್ ನಿಂತದ್ದು ಯಾಕೆಂದು ಕೇಳಲು ಬಂದಿದ್ದರು.
ಚೀಲದೊಳಗೆ ಇನ್ನೊಂದು ಚೀಲ,
ಅದರೊಳಗೆ ಒಂದಕ್ಕೊಂದು ಅಂಟಿಕೊಂಡ ಮೂರು ಕಾರ್ಡು.
ಟೋಕನ್ ಹದಿನೇಳು.

ರೇಶನ್ ಕಾರ್ಡಿನಲ್ಲಿ, ಮಲಯಾಳ ಅಕ್ಷರದಲ್ಲಿ, ಬಿಜಿನನ್.
ಆಧಾರಿನಲ್ಲಿ ಪಿಜಿನ.
ಮತದಾರರ ಪಟ್ಟಿಯಲ್ಲಿ, ಇಂಗ್ಲಿಷಿನಲ್ಲಿ, ಪಿಜನ್.
ಯಾರೋ ಟೈಪು ಮಾಡುವಾಗ ಕಂಪ್ಯೂಟರೇ ಸರಿಪಡಿಸಿರಬೇಕು,
ತನಗೆ ಗೊತ್ತಿಲ್ಲದ ಜೀವವನ್ನು
ಗೊತ್ತಿರುವ ಜೀವ ಮಾಡಿ.

"ಈ ಮೂವರಲ್ಲಿ ನೀವು ಯಾರು?"
"ನಾನು ಒಬ್ಬನೇ ಬಂದದ್ದು ಮಗಳೇ."

ಪಿಜಿನ್ ಅಂದರೆ ತುಳುವಿನಲ್ಲಿ ಇರುವೆ.
ಅದು ಗೊತ್ತಿತ್ತು; ಮನುಷ್ಯರಿಗೆ ಇಟ್ಟದ್ದು ನೋಡಿರಲಿಲ್ಲ.
ನಮ್ಮ ಕ್ಲಾಸಿನಲ್ಲಿ ನಾವು ಐದು ಮಂದಿ ಸೌಮ್ಯಾ.
ಟೀಚರು ಮನೆಯ ಗುರುತು ಹಿಡಿದು ಕೂಗುತ್ತಿದ್ದರು,
ಗುಡ್ಡೆ ಸೌಮ್ಯಾ, ತೋಡಿನಾಚೆ ಸೌಮ್ಯಾ.
ನಾನು ಮಿಲ್ಲಿನ ಸೌಮ್ಯಾ,
ಮಿಲ್ಲು ಮುಚ್ಚಿದ ಮೇಲೂ.

ಅವರ ಅಮ್ಮನಿಗೆ ಮೊದಲು ಮೂರು ಗಂಡು.
ಒಂದಕ್ಕೆ ಚಿನ್ನದ ಹೆಸರು, ಒಂದಕ್ಕೆ ರಾಜನದು,
ಮೂರನೆಯದಕ್ಕೆ ದೇವರದೇ. ಯಾವ ದೇವರೆಂದು ಹೇಳಲಿಲ್ಲ.
ಮೂರೂ ನಲ್ವತ್ತು ದಿನ ದಾಟಲಿಲ್ಲ.
ನಾಲ್ಕನೆಯದು ಆಟಿಯ ಮಳೆಯಲ್ಲಿ ಹುಟ್ಟಿದಾಗ
ಅಜ್ಜಿ ಮೊರದಲ್ಲಿ ಮಲಗಿಸಿ, ಗೊಬ್ಬರದ ಗುಂಡಿಯ ಬದಿಗಿಟ್ಟು
ನೆರೆಮನೆಯವಳಿಗೆ ಒಂದು ಸೇರು ನುಚ್ಚಿಗೆ ಮಾರಿದಳಂತೆ,
ಸಾವು ಬಂದು ಕೇಳಿದರೆ
ಇದು ನಮ್ಮದಲ್ಲ ಎನ್ನಬಹುದಲ್ಲ.
ವ್ಯಾಪಾರ ಮುಗಿಸಿ ತಿರುಗಿ ನೋಡುವಾಗ
ತುಟಿಯ ಬೆಲ್ಲಕ್ಕೆ ಬಂದ ಇರುವೆ ಸಾಲು
ಕೆನ್ನೆ ಹತ್ತಿ, ಕಚ್ಚದೆ, ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.
ಹೆಸರು ಆಗಲೇ ನಿಶ್ಚಯವಾದದ್ದು:
ಬಗ್ಗಿ ನೋಡದೆ ಕಾಣದ್ದು,
ಎಣಿಸಲು ಕೂತರೆ ಲೆಕ್ಕ ತಪ್ಪಿಸುವಂಥದ್ದು.
"ಯಮನಿಗೆ ಸೊಂಟ ಬಗ್ಗುವುದಿಲ್ಲ" ಎಂದಳಂತೆ ಅಜ್ಜಿ.

ಶಾಲೆಯಲ್ಲಿ ಮಾಸ್ಟ್ರು ಪ್ರಕಾಶ ಎಂದು ಬದಲಿಸುವವರಿದ್ದರು.
ಅಷ್ಟರೊಳಗೆ ಶಾಲೆ ಬಿಟ್ಟಾಯಿತು.
ಆಮೇಲೆ ಮೂವತ್ತೆಂಟು ವರ್ಷ ಕೆಂಪುಕಲ್ಲಿನ ಕಪ್ಪಣ.
ಕಲ್ಲು ಕೂತು ಕೂತು ತಗ್ಗಾದ ನೆತ್ತಿಯನ್ನು
ಮುಂಡಾಸು ಬಿಚ್ಚಿ ತೋರಿಸಿದರು,
ಅದೂ ಒಂದು ದಾಖಲೆಯೆಂಬಂತೆ.

ಕ್ಯೂ ಗೊಣಗುತ್ತಿತ್ತು. ಆದರೂ ಹುಡುಕಿದೆ.
ನಮ್ಮ ಬೂತಿನಲ್ಲಿ ಸೌಮ್ಯಾ ಇಪ್ಪತ್ತಮೂರು.
ಪಿಜಿನ ಒಂದೂ ಇಲ್ಲ.
ಅವರೂ ಅಲ್ಲಿ ಪಾರಿವಾಳವಲ್ಲವೆ.

"ಮುಂಚೆ ಇದ್ದರು. ಪೆರ್ಲದ ಕಡೆ ಒಬ್ಬ,
ನನ್ನ ಹೆಂಡತಿಯ ಮಾವ ಒಬ್ಬ.
ಈಗ ಮಕ್ಕಳು ಹಾಗೆ ಸಾಯುವುದಿಲ್ಲವಲ್ಲ,
ಆ ಹೆಸರು ಯಾರಿಗೆ ಬೇಕು?"
ಬೇಸರದಲ್ಲಿ ಹೇಳಿದ್ದಲ್ಲ.
ಬಾವಿಗೆ ಪಂಪು ಬಂದ ಮೇಲೆ ಹಗ್ಗ ಎಲ್ಲಿ ಹೋಯಿತೆಂದು
ಯಾರೂ ಕೇಳುವುದಿಲ್ಲ, ಆ ಥರ.
ಮೊಮ್ಮಗನ ಹೆಸರು ರಿಯಾಂಶ್.
ಅರ್ಥ ಕೇಳಿದೆ. ಮೊಬೈಲಿನಲ್ಲಿ ಉಂಟಂತೆ.

ಪರದೆ ತಿರುಗಿಸಿ ತೋರಿಸಿದೆ: "ಇಲ್ಲಿ ನೀವು ಪಾರಿವಾಳ."
ನಕ್ಕರು. ಹಿಂದಿನ ಬೆಂಚಿನವರೂ ನಕ್ಕರು.
ಮತ್ತೆ ಕನ್ನಡಕ ತೆಗೆದು, ಒರೆಸದೆ, ಕೈಯಲ್ಲೇ ಹಿಡಿದು
"ಅದಕ್ಕೆ ರೆಕ್ಕೆ ಉಂಟಲ್ಲ?"
"ಉಂಟು."
"ಮೊದಲು ಅದನ್ನು ತೆಗಿ ಮಗಳೇ.
ಇರುವೆಗೆ ರೆಕ್ಕೆ ಬಂದರೆ..."

ಮುಗಿಸಲಿಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ.
ಮೊದಲ ಮಳೆಯ ಮರುದಿನ ದೀಪದಡಿಯಿಂದ
ಪೊರಕೆಯಲ್ಲಿ ಸೇರದೆ ಹಾರಾಡುವ ರೆಕ್ಕೆಗಳನ್ನು
ನಾವೆಲ್ಲ ಗುಡಿಸಿದವರೇ.

ಮೂವರೂ ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ
ಸರ್ಟಿಫಿಕೇಟು ಬೇಕು. ಅರ್ಜಿ ತುಂಬಿಸಿದೆ.
ತಪ್ಪು ಹೆಸರು, ಸರಿ ಹೆಸರು, ಕಾರಣ.
ಅರ್ಥಕ್ಕೆ ಕಾಲಮ್ಮು ಇಲ್ಲ.
ಕಾರಣಕ್ಕೂ ನಲ್ವತ್ತು ಅಕ್ಷರದಷ್ಟೇ ಜಾಗ:
ಮೊರ ಹಿಡಿಸದು, ಬೆಲ್ಲ ಹಿಡಿಸದು.
ಟೈಪಿಂಗ್ ದೋಷ ಎಂದು ಬರೆದೆ.

ರಶೀದಿಯನ್ನು ಒಳಚೀಲಕ್ಕೆ, ಒಳಚೀಲವನ್ನು ಹೊರಚೀಲಕ್ಕೆ ಸೇರಿಸಿ
ಮೆಟ್ಟಿಲವರೆಗೆ ಹೋದವರು ತಿರುಗಿ ಬಂದರು.
ದನಿ ತಗ್ಗಿಸಿ:
"ಈ ಹೆಸರು ಮೇಲಿನವರೆಗೂ ಹೋಗ್ತದಾ?"

"ತಿರುವನಂತಪುರದವರೆಗೆ" ಎಂದೆ.

"ಅಷ್ಟೇ ಆದರೆ ತೊಂದರೆಯಿಲ್ಲ."