ಕೌದಿಯ ಲೆಕ್ಕ

ತಿಯೆನ್ ಶಾನ್ ಬೆಟ್ಟಗಳ ಸಂದಿಯಲ್ಲಿ ನಮ್ಮ ನಾರಿನ್.
ಜನವರಿಯಲ್ಲಿ ಶಾಯಿ ಹೆಪ್ಪುಗಟ್ಟುತ್ತಿತ್ತು.
ಸೀಸೆಯನ್ನು ಕಂಕುಳಲ್ಲಿ ಕಾಯಿಸಿಕೊಂಡೇ
ನಾವು ರಸಾಯನಶಾಸ್ತ್ರ ಬರೆದದ್ದು.

ಜಿಪಾರ್ಕುಲ್ ಅಕ್ಕೋರು ಹಲಗೆಯ ಮೇಲೆ ಎರಡು ಚುಕ್ಕಿ ಇಟ್ಟರು:
ಇದು ಇವನದು, ಇದು ಅವನದು.
ಅಳಿಸಿ, ಎರಡನ್ನೂ ನಡುವೆ ತಂದು,
ಈಗ ಯಾವುದು ಯಾರದು, ಹೇಳಿ?
ಯಾರೂ ಬಾಯಿ ಬಿಡಲಿಲ್ಲ.
ಅದೇ ಬಂಧ, ಅಂದರು. ಹೇಳಲಾಗದ್ದೇ ಬಂಧ.

ಜಲಜನಕಕ್ಕೆ ಜಲಜನಕವೇ ಜೊತೆಯಾದರೆ ತಂಟೆಯಿಲ್ಲ,
ಇಬ್ಬರ ಜಗ್ಗೂ ಒಂದೇ, ಚುಕ್ಕಿಗಳು ನಟ್ಟನಡುವೆ.
ಉಪ್ಪಿನ ಕತೆ ಬೇರೆ:
ಒಬ್ಬ ಕೊಟ್ಟೇ ಬಿಟ್ಟ, ಇನ್ನೊಬ್ಬ ಇಟ್ಟುಕೊಂಡೇ ಬಿಟ್ಟ.
ನೀರು ಇವೆರಡರ ನಡುವಿನ ಸಂಸಾರ.

ನನಗೆ ಥಟ್ಟನೆ ಹೊಳೆದದ್ದು ಮನೆಯ ಕೌದಿ.

ಹಳೆ ಅಂಗಿಗಳ ತ್ರಿಕೋನ ಕತ್ತರಿಸಿ ಅಜ್ಜಿ ಹೊಲಿದದ್ದು, ಒಳಗೆ ಕುರಿಯುಣ್ಣೆ.
ನಡುವೆ ಅಣ್ಣ ತೊಕ್ತೊಬೆಕ್, ಆಚೆ ನೂರ್ಜಾತ್, ಈಚೆ ನಾನು,
ಇಬ್ಬರ ತಲೆಯೂ ಅವನ ಹೆಗಲಿಗೆ, ಕಾಲು ದಿಕ್ಕಿಗೊಂದು.
ಅವನೇನು ಕದಿಯುತ್ತಿರಲಿಲ್ಲ.
ಉಸಿರಿಗೊಮ್ಮೆ ಬೆರಳಗಲ ಎಳೆದುಕೊಳ್ಳುತ್ತಿದ್ದ, ಅಷ್ಟೇ.
ಕೋಳಿ ಕೂಗುವ ಹೊತ್ತಿಗೆ ಅವನ ಎದೆಯ ಮೇಲೆ ಗುಡ್ಡ,
ನಮ್ಮ ಪಾದ ಬಯಲು.
ಬಿಟ್ಟುಕೊಡಲಿಲ್ಲ ನಾವೂ. ಅಂಚು ಮುಷ್ಟಿಯಲ್ಲೇ ಇತ್ತು.

ಆಮ್ಲಜನಕದ ನೆತ್ತಿಗೆ ಅಕ್ಕೋರು ಪುಟ್ಟ ಕಳೆ ಚಿಹ್ನೆ ಬರೆದರು,
ಜಲಜನಕಗಳಿಗೆ ಪುಟ್ಟ ಕೂಡು ಚಿಹ್ನೆ.
ಪೂರ್ತಿಯಲ್ಲ, ಒಂದಿಷ್ಟು, ಅಂದರು.
ಕಡಿಮೆ ಸಿಕ್ಕವರಿಗೆ ಕೂಡು ಹೇಗೆ, ಅಕ್ಕೋರೇ?
ತರಗತಿ ನಕ್ಕಿತು. ಅವರು ನಗಲಿಲ್ಲ.
ಎಲೆಕ್ಟ್ರಾನಿಗೆ ಕಳೆ ಅಂಟಿಸಿದವರನ್ನು ಕೇಳು, ನನ್ನನ್ನಲ್ಲ.
ಆಮೇಲೆ, ಸೀಮೆಸುಣ್ಣ ಒರೆಸಿಕೊಳ್ಳುತ್ತ:
ಮೂವರೂ ಒಂದೇ ಗೆರೆಯಲ್ಲಿದ್ದಿದ್ದರೆ
ಆಚೆಯದು ಈಚೆಯದಕ್ಕೆ ವಜಾ ಆಗುತ್ತಿತ್ತು.
ನೀರು ಬಾಗಿದೆ. ನೂರನಾಲ್ಕೂವರೆ ಡಿಗ್ರಿ. ಬರೆದುಕೊಳ್ಳಿ.

ಆ ವಾರ ಚಿಕ್ಕಪ್ಪನ ಮನೆ ಸೂರು ಹಿಮಕ್ಕೆ ಕುಸಿದು
ಅವರೆಲ್ಲ ನಮ್ಮ ಕೋಣೆಗೇ ಬಂದರು.
ರಾತ್ರಿ ನನ್ನ ಬರಿಗಾಲು ತಾನಾಗಿ ತಡಕಾಡಿ
ಬಾತ್ಮಾ ಚಿಕ್ಕಮ್ಮನ ಬೆನ್ನ ಹಿಂದೆ,
ಕೌದಿ ಗುಡ್ಡೆಬಿದ್ದ ಕಡೆ ನುಗ್ಗಿತು.
ಅವಳು ಬೈಯಲಿಲ್ಲ. ಎರಡು ಮೀನಖಂಡದ ನಡುವೆ ಅದುಮಿಕೊಂಡಳು.
ಅವಳ ಮಗಳ ಕಾಲು ಅಜ್ಜಿಯ ಹಾಸಿಗೆಗೆ,
ನೂರ್ಜಾತಳದು ಇನ್ನೆಲ್ಲಿಗೋ.
ಬಂಧ ಅನ್ನುವಷ್ಟು ಗಟ್ಟಿಯಲ್ಲ;
ಮಗ್ಗುಲಾದರೆ ಬಿಡುತ್ತದೆ, ಮತ್ತೆ ಹುಡುಕುತ್ತದೆ.
ಇಡೀ ಕೋಣೆ ತಣ್ಣನೆಯ ಕಾಲುಗಳಿಂದಲೇ
ಹೆಣೆದುಕೊಂಡಿತ್ತು, ನಡುನಡುವೆ ಖಾಲಿ ಜಾಗ ಬಿಟ್ಟು.

ಬೆಳಿಗ್ಗೆ ಅಣ್ಣ ನದಿಯಂಚಿಗೆ ಗುದ್ದಲಿ ಹಾಕಿದ.
ಒಡೆದ ಚೂರುಗಳು ಮುಳುಗಲಿಲ್ಲ, ತೇಲಿ ಒಂದಕ್ಕೊಂದು ತಾಗಿದವು.
ಅಡಿಯ ಕಪ್ಪುನೀರಲ್ಲಿ ಮೀನಿನ ಬೆನ್ನೊಂದು ತಿರುಗಿತು.
ಬಿಂದಿಗೆ ನನ್ನ ಕೈಗೆ ದಾಟಿಸುತ್ತ ಕೇಳಿದ:
ರಾತ್ರಿ ಚಳಿಯಾಯಿತೇನೆ?

ಒಂದಿಷ್ಟು, ಅಂದೆ.