ಅಕ್ಕು

ನಮ್ಮ ಪದಪರೀಕ್ಷಕಕ್ಕೆ
ಬರೆಯುವ ಹಕ್ಕಿರುವವರು ಐವರು.
ಓದುವ ಹಕ್ಕು ಎಲ್ಲರಿಗೂ ಇದೆ.
ಬೇಕಾದವರು ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು,
ಹೊಸ ಪದ ತಂದು ಬಾಗಿಲ ಹೊರಗಿಟ್ಟು ಹೋಗಬಹುದು.
ಒಳಗೆ ತೆಗೆದುಕೊಳ್ಳುವುದು ಮಾತ್ರ ನಾವು.

ಐವರು ಅನ್ನುವುದು ಲೆಕ್ಕಕ್ಕೆ.
ಒಬ್ಬ ಹುಬ್ಬಳ್ಳಿಗೆ ವರ್ಗವಾಗಿ ಪಾಸ್‌ವರ್ಡೇ ಮರೆತಿದ್ದಾನೆ.
ಒಬ್ಬಾಕೆ ಅರ್ಕಾವತ್ತಿನ ಜಗಳದಲ್ಲಿ ಮುನಿಸಿಕೊಂಡವರು
ಎಂಟು ವರ್ಷದಿಂದ ಮಾತಿಲ್ಲ.
ತಸ್ನೀಮ್ ದೊಡ್ಡಾಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ
ಬೆಳಗಿನ ಐದಕ್ಕೆ ಒಂದಿಷ್ಟು ಪರೀಕ್ಷೆ ಓಡಿಸಿ ಮಲಗುತ್ತಾಳೆ.
ಅಶ್ವತ್ಥ ಮೇಷ್ಟ್ರು ಹೋಗಿ ಆಶ್ವಯುಜಕ್ಕೆ ಎರಡು ವರ್ಷ.
ಉಳಿದವಳು ನಾನು,
ಕೃಷ್ಣಮೂರ್ತಿಪುರದ ಈ ಮಹಡಿಕೋಣೆಯಲ್ಲಿ;
ಇಪ್ಪತ್ತಾರು ವರ್ಷ ಅಚ್ಚುಕೂಟದ ಕರಡು ತಿದ್ದಿ
ಕಣ್ಣಿಗಿಂತ ಮೊದಲು ಬೆರಳಿಗೆ ತಪ್ಪು ತಿಳಿಯುವವಳು.

ಬಾಗಿಲ ಹೊರಗೆ ಹೆಚ್ಚು ಪದ ಇಡುವವನು ಕಬ್ಬಾಳಯ್ಯ.
ಮದ್ದೂರಿನ ಹತ್ತಿರ ಕೊಪ್ಪ,
ಬಸ್‌ಸ್ಟ್ಯಾಂಡಿನೆದುರು ಜೆರಾಕ್ಸ್ ಅಂಗಡಿ.
ಬಂದವರು ಹೇಳಿದ್ದನ್ನು ಹೇಳಿದಂತೆ ಹೊಡೆದರೆ
ಪರದೆಯ ತುಂಬ ಕೆಂಪು ಗೆರೆ:
ಆಲು, ಅಸ, ಉಲ್ಲು, ಬತ್ತೀನಿ, ಒಂಟೋದ.
'ಮೇಡಂ, ನಮ್ಮೂರೋರು ಬಾಯ್ ಬುಟ್ರೆ ಸಾಕು
ನಿಮ್ ಮಿಸಿನ್ನು ತಪ್ಪು ತಪ್ಪು ಅಂತದೆ.'

ಇನ್ನೂರ ಹನ್ನೊಂದು ಪದ ತಂದಿಟ್ಟಿದ್ದ,
ಯಾರ ಬಾಯಿಂದ, ಯಾವ ಊರು, ಯಾವ ವಾಕ್ಯ
ಎಲ್ಲ ಬರೆದು.
ಹದಿನಾಲ್ಕು ತಿಂಗಳು ನಾನು ಅವುಗಳ ಹಣೆಗೆ
'ಪರಿಶೀಲನೆಯಲ್ಲಿದೆ' ಎಂಬ ಚೀಟಿ ಅಂಟಿಸಿ ಕೂತೆ.
ಕಾರಣವಿತ್ತು. ಕಾರಣಗಳಿಗೇನು ಬರ.
'ಆಲು' ಒಳಗೆ ಬಂದರೆ
'ಹಾಲು' ತಪ್ಪಿದ ಮಗುವಿಗೆ ಯಾರು ಹೇಳಬೇಕು?
ಇವನಿಗೆ ಕೊಟ್ಟರೆ ನಾಳೆ ಬೀದರದವರು,
ನಾಡಿದ್ದು ಕುಂದಾಪುರದವರು...
ನಿಜ ಹೇಳಬೇಕೆಂದರೆ
ನಿವೃತ್ತಿಯಾದರೂ ನನ್ನ ಕೈಯ ಕೆಂಪು ಶಾಯಿ ಒಣಗಿರಲಿಲ್ಲ.

ಮೊನ್ನೆ ತಸ್ನೀಮ್ ಬರೆದಳು:
ಅಕ್ಕ, ಮೇಷ್ಟ್ರ ಖಾತೆ ಇನ್ನೂ ತೆರೆದೇ ಇದೆ.
ರಾತ್ರಿ ಮೂರಕ್ಕೆ ಯಾರೋ ಬೀಗ ಅಲ್ಲಾಡಿಸಿ ನೋಡಿದ್ದಾರೆ.

ಮೇಷ್ಟ್ರ ಹೆಸರಿನ ಮೇಲೆ ಒತ್ತಿದೆ.
'ಹಕ್ಕು ಹಿಂಪಡೆಯಬೇಕೆ?' ಎಂದಿತು.
ಆ ಪ್ರಶ್ನೆಗೆ ಕನ್ನಡ ಬರೆದವರೂ ಅವರೇ.
'ತೆಗೆಯಬೇಕೆ' ಬೇಡ,
'ಕಸಿಯಬೇಕೆ' ಅಂತೂ ಬೇಡವೇ ಬೇಡ, 'ಹಿಂಪಡೆ' ಇರಲಿ ಎಂದು
ಬಲ್ಲಾಳ್ ಸರ್ಕಲ್ಲಿನಲ್ಲಿ ದೋಸೆ ಆರುವವರೆಗೆ ವಾದಿಸಿದ್ದರು.
ಹೌದು, ಒತ್ತಿದೆ.
ಐದು ಇದ್ದದ್ದು ನಾಲ್ಕಾಯಿತು.
ಅವರು ಸೇರಿಸಿದ್ದ ಒಂಬತ್ತು ಸಾವಿರ ಪದ ಅಲ್ಲೇ ಇದ್ದವು,
ಒಂದೂ ಮಿಸುಕಲಿಲ್ಲ.

ಸುಮ್ಮನೆ ಕೂತಿದ್ದವಳು ಕಬ್ಬಾಳಯ್ಯನ ಹಳೆಯ ಪತ್ರ ತೆರೆದೆ:
'ಆದ್ರೆ ನಂಗೂ ಬರಿಯೋ ಅಕ್ಕು ಕೊಡಿ ಮೇಡಂ.
ಆಯ್ಕಿಲ್ಲ ಅಂದ್ರೆ ಆಯ್ಕಿಲ್ಲ ಅನ್ನಿ, ಬೇಜಾರಿಲ್ಲ.'
ಅಕ್ಕು.
ಅದರಡಿ ಕೆಂಪು ಗೆರೆ. ಹಾಕಲು ಕಲಿಸಿದವಳು ನಾನೇ.
ನೋಡುತ್ತ ನೋಡುತ್ತ
ಎಂದೋ ತಿದ್ದಿದ ಹಳಗನ್ನಡ ಪದಕೋಶದ ಕರಡು,
ಅಕಾರದ ಪುಟ, ಎಡಗಡೆಯ ಸಾಲು:
ಅಕ್ಕು. ಆಗುವುದು; ಆದೀತು.

ಅದು ಬೇರೆ ಪದ, ಗೊತ್ತು.
ಅದು 'ಆಗು' ಧಾತುವಿನದು, ಇದು ಹಕಾರ ಜಾರಿದ್ದು.
ಮೇಷ್ಟ್ರು ಇದ್ದಿದ್ದರೆ ಒಪ್ಪುತ್ತಿರಲಿಲ್ಲ.
ಆದರೂ ಅದೊಂದನ್ನೇ ಬರೆದು ಕಳಿಸಿ
ಅವನ ಹೆಸರನ್ನು ಐದನೆಯದಾಗಿ ಸೇರಿಸಿದೆ.
'ಏನ್ ಅಕ್ಕು ಮೇಡಂ?' ಎಂದು ಫೋನು ಮಾಡಿದ.

ಬೆಳಿಗ್ಗೆ ನೋಡಿದರೆ
ಅವನ ಇನ್ನೂರ ಹನ್ನೊಂದೂ ಇನ್ನೂ ಹೊರಗೇ ಇವೆ.
'ನನ್ ಪದಾನ ನಾನೇ ಒಳಿಕ್ಕೆ ಬುಟ್ಕಳದು ಸರ್ಯಲ್ಲ,
ತಸ್ನೀಮಕ್ಕ ನೋಡ್ಲಿ' ಎಂದು ಬರೆದಿದ್ದಾನೆ.
ಮುಟ್ಟಿರುವುದು ಒಂದೇ ಪದ,
ಹನ್ನೊಂದು ವರ್ಷದ ಹಿಂದೆ ನಾನು ಸೇರಿಸಿದ್ದು.
'ಅನಾವಶ್ಯಕ' ಎಂದಿದ್ದದ್ದನ್ನು
'ಅನವಶ್ಯಕ' ಮಾಡಿದ್ದಾನೆ.
ಒಂದು ದೀರ್ಘ ಹೆಚ್ಚಾಗಿತ್ತು.