ತಗಡಿನ ಲೆಕ್ಕ

ಗ್ಲಾಸ್ಗೋದಲ್ಲಿ ನಮ್ಮ ಬಾಗಿಲಿಗೊಂದು ತಗಡು,
ಅಂಗೈಯಷ್ಟು:
ಒಂಬೈನೂರು ಘನ ಅಡಿ. ಮೂವರು.
ಅಪ್ಪ ಒಂದು, ಅವ್ವ ಒಂದು,
ನಾನರ್ಧ, ಟಾರ್ಕಿಲ್ ಅರ್ಧ.
ಎಂಟು ತುಂಬದವರು
ಅರ್ಧ ಉಸಿರಿನವರಂತೆ, ಕಾಯಿದೆಯ ಮಾತು.

ನನಗೆ ಎಂಟು ತುಂಬಿದ ದಿನ
ಅವ್ವ ರೊಟ್ಟಿಗೆ ಸಕ್ಕರೆ ಉದುರಿಸಿ
ಕಿವಿಯಲ್ಲಿ ಅಂದಳು: ಯಾರು ಕೇಳಿದರೂ ಏಳೇ.
ಮೊಳಕಾಲಿಗೆ ಸುಳ್ಳು ಬರುವುದಿಲ್ಲ,
ಲಂಗ ಮೇಲೇರಿತ್ತು.

ನಡುರಾತ್ರಿ ಕಂದೀಲು ಹಿಡಿದು ಬರುವರು.
ಮೆಟ್ಟಿಲಲ್ಲಿ ಬೂಟು ಕೇಳಿದ್ದೇ ತಡ
ನಾನು ಕಲ್ಲಿದ್ದಲ ಗೂಡಿನೊಳಗೆ.
ಅರ್ಧವಿದ್ದಾಗ ಹಾಸಿಗೆಯಿತ್ತು;
ಒಂದಾದ ಮೇಲೆ
ಯಾರ ಲೆಕ್ಕಕ್ಕೂ ಇಲ್ಲ.
ಹಲಗೆಯ ಸಂದಿನಲ್ಲಿ ಕಾಣುವುದು
ಎಣಿಸುವ ಬೆರಳು.
ಟಾರ್ಕಿಲನ ಕೆಮ್ಮು ಮಾತ್ರ
ಆಳೆತ್ತರದ ಗಂಡಸಿನಷ್ಟು ಜಾಗ ಹಿಡಿಯುತ್ತಿತ್ತು.
ಅದನ್ನವರು ಬರೆದುಕೊಳ್ಳಲಿಲ್ಲ.

ಫೆಬ್ರವರಿಯಲ್ಲಿ ಅವನು ಹೋದ.
ಮೂರು ದಿನ ಮೇಜಿನ ಮೇಲಿದ್ದ,
ಬೇರೆಲ್ಲಿಡುವುದು?
ಅದೇ ಮೇಜಿನ ಅಂಚಿಗೆ ಬಟ್ಟಲಿಟ್ಟು
ಗಂಜಿ ಕುಡಿದೆವು.

ಆಮೇಲೆ ಬಂದವನು ಕಂದೀಲು ಎತ್ತಿದ.
ಒಂದು, ಎರಡು, ಮೂರು.
‘ಸರಿಯಿದೆ’ ಅಂದ.
ಅವ್ವ ಗೋಡೆಗೆ ತಿರುಗಿದಳು.
ನಾನು ಹಾಸಿಗೆಯಲ್ಲೇ ಇದ್ದೆ,
ಎಲ್ಲರಿಗೂ ಕಾಣುವಂತೆ,
ಮಂಡಿ ಎದೆಗೊತ್ತಿಕೊಂಡು.